ಮೇಡೆರ್ ಕೈಯಲ್ಲಿ ತೋರಿಸಿದ ಎತ್ತರ

ಜನವರಿ ೬, ಕರಾಕೋಲ್.

ಆ ಕೈ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಬೆಳಿಗ್ಗೆ ಲಾರಿ ಓಡಿಸುವ ಮೇಡೆರ್ ನನ್ನ ಅಂಗಡಿಗೆ ಬಂದು ಮಗಳಿಗೆ ಹಿಮದ ಮೇಲೆ ಜಾರುವ ಹಲಗೆ, ಸ್ಕೀ, ಬಾಡಿಗೆಗೆ ಕೇಳಿದ. ಕಲಿಯುವವರಿಗೆ ಗದ್ದದವರೆಗೆ ಬಂದರೆ ಸಾಕು, ಉದ್ದವಾದರೆ ತಿರುಗಿಸಲಾಗದು ಎಂದೆ.

"ಎಷ್ಟೆತ್ತರ ಇದ್ದಾಳಪ್ಪ?"

ಅಂಗೈಯನ್ನು ತನ್ನ ಸೊಂಟದ ಪಕ್ಕ ಹಿಡಿದು, "ಇಷ್ಟು, ಅಣ್ಣಾ," ಎಂದ.

"ಮಗಳಿಗೋ, ಅವಳ ಗೊಂಬೆಗೋ?" ಎಂದು ನಕ್ಕೆ. ಅವನೂ ನಕ್ಕು, ಆ ಅಳತೆಗೇ ಒಂದು ಜೊತೆ ಆರಿಸಿ ಒಯ್ದ.

ಮಧ್ಯಾಹ್ನ, ಅವನನ್ನು ಬಿಟ್ಟುಹೋದ ಹೆಂಡತಿ ಮಗಳನ್ನು ಇಳಿಜಾರಿನ ಬುಡದಲ್ಲಿ, ನನ್ನ ಅಂಗಡಿಯೆದುರೇ, ಇಳಿಸಿ ಹೋದಳು. ಐದು ವರ್ಷದಲ್ಲಿ ಅಪ್ಪ-ಮಗಳದು ಇದೇ ಮೊದಲ ಭೇಟಿಯಂತೆ. ಮಗಳು ಜೀಬೆಕ್ ಈಗ ಅವನ ಭುಜದೆತ್ತರ ಬೆಳೆದಿದ್ದಾಳೆ. ಸ್ಕೀ ಅವಳ ಸೊಂಟ ದಾಟಲಿಲ್ಲ.

"ಬಾರಮ್ಮ, ಬದಲಾಯಿಸ್ಕೊಡ್ತೀನಿ."

"ಬೇಡ ಮಾವ, ಇದೇ ಇರ್ಲಿ. ಅಪ್ಪ ಆರಿಸಿದ್ದು."

ಮೇಡೆರ್ ಕುಕ್ಕರಗಾಲಲ್ಲಿ ಕೂತು ಸ್ಕೀ ಮೇಲಿನ ಹಿಮ ಒರೆಸುತ್ತಲೇ ಇದ್ದ. ತಲೆ ಎತ್ತಲಿಲ್ಲ.

ಗಿರಾಕಿಗಳ ಜೊತೆ ಮಾತಾಡಿಯೇ ಹೊಟ್ಟೆ ಹೊರೆಯುವವನು ನಾನು. ನಗುವ ಬದಲು ಮಗಳ ವಯಸ್ಸೊಂದು ಕೇಳಿದ್ದರೆ ಸರಿಯಾದ ಜೊತೆ ಕೊಟ್ಟು ಅವನ ಮಾನ ಉಳಿಸಬಹುದಿತ್ತು.