ಉಪ್ಸಾರಿಗೆ ಕರೆದದ್ದು

ಶಾಂತಿ,

ಇವತ್ತು ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ನಿಮ್ಮವ್ವ ಮಾಯಮ್ಮ ಸಿಕ್ಕಿದ್ದರು. ನೀನೂ ನಾನೂ ಮಾತು ಬಿಟ್ಟು ಎರಡು ವರ್ಷವಾಯಿತಲ್ಲ, “ಅದೇನವ್ವ ಅಂತಾದ್ದು ಬರ್ದಿದ್ದೆ, ಓದು ಕೇಳಾನ” ಅಂದರು. ಆ ಮೆಸೇಜು ಇನ್ನೂ ನನ್ನ ಫೋನಿನಲ್ಲಿದೆ. ಮದುವೆ ಮುರಿದು ನೀನು ತವರಿಗೆ ಬಂದ ವಾರ ಕಳಿಸಿದ್ದು. ನಾನು ಮಾತಾಡುವ ಹಾಗೇ ಓದಿದೆ: “ಎಷ್ಟ್ ದಿನ ಬಾಗ್ಲಾಕ್ಕೊಂಡು ಅಳ್ತೀಯೇ? ಉಪ್ಸಾರು ಮಾಡಿವ್ನಿ. ಬಂದ್ರೆ ಬಾ, ಇಲ್ದಿದ್ರೆ ಅಲ್ಲೇ ಬಿದ್ದಿರು.”

ಮಾಯಮ್ಮ ನಕ್ಕುಬಿಟ್ಟರು. “ಉಣ್ಣಾಕೆ ಕರ್ದಿದ್ದೀಯ ಕಣವ್ವ. ನಮ್ ಶಾಂತಿ ಅಳ್ತಾ ಓದಿದ್ಲು, ಬೈದಂಗೇ ಕೇಳುಸ್ತು.”

ಕೇಳಿದೆಯಾ? ಏಳನೇ ಕ್ಲಾಸಿನಿಂದ ನಿನ್ನನ್ನು ಬೈದೇ ಕರೆದಿದ್ದೇನೆ, ನೀನು ನಗುತ್ತಲೇ ಬಂದಿದ್ದೀಯ. ಮೆಸೇಜಿನ ಕೊನೆಗೊಂದು ನಗುವ ಮುಖ ಅಂಟಿಸಬೇಕಿತ್ತು ಅನ್ನುತ್ತಾರೆ ಎಲ್ಲರೂ. ನಾನು ಅಂಟಿಸುವವಳಲ್ಲ. ಈಗಲೂ ಅಷ್ಟೇ. ನಿಮ್ಮ ಮನೆ ಎರಡೇ ಬೀದಿ ಆಚೆ ಇತ್ತು, ಬಂದೇ ಕರೆಯಬಹುದಿತ್ತು. ಒಲೆಯ ಮೇಲೆ ಸಾರಿತ್ತು, ಅದಕ್ಕೇ ಫೋನಿನಲ್ಲಿ ಬರೆದೆ.

ಹಾಸನದ ನಿನ್ನ ವಿಳಾಸ ಮಾಯಮ್ಮ ಕೊಟ್ಟಿದ್ದಾರೆ. ಆದರೂ ಈ ಕಾಗದ ಕಳಿಸುವುದಿಲ್ಲ. ಕಳಿಸಿದರೆ ಇದನ್ನೂ ನೀನು ಅಳುತ್ತಲೇ ಓದುತ್ತೀಯ. ಈ ಸಲ ನಿನ್ನ ಬಾಗಿಲಿಗೇ ಬಂದು ಬೈಯುತ್ತೇನೆ.