ಉದ್ದನ್ನ ತಂತಿ ನಿನಗ

ನೀಲವ್ವಾ,

ಎಂಟರ ಬಸ್ಸಿಗೆ ಬಾಗಲಕೋಟಿಗೆ ಹೊಂಟೀನಿ, ಆಂಟೆನಾಕ್ಕ ಹೊಸಾ ಕೇಬಲ್ ತರಬೇಕು. ನೀ ಮಾತು ಬಿಟ್ಟು ಇವತ್ತಿಗೆ ಒಂಬತ್ತು ದಿನ, ಅದಕ್ಕ ಈ ಚೀಟಿ.

ಗುಡುಗಿದ್ರ ಕಿಟಕ್ಯಾಗಿನ ಕೇಬಲ್ ಕಿತ್ತು ಹೊರಗ ಒಗಿ. ಗಾಳಿ ಎದ್ದರ ತಂತಿ ತುದಿಯ ಹಗ್ಗಾ ಗೇಣುದ್ದ ಸಡಲ ಬಿಡು, ಬಿಗಿ ಇದ್ರ ತಂತಿ ಹರೀತೈತಿ. ರಾತ್ರಿ ನನ್ನ ಸಲವಾಗಿ ಅಡಗಿ ಮಾಡಬ್ಯಾಡ. ಮಾಡಿದ್ರ ಬ್ಯಾಡ ಅನ್ನಂಗಿಲ್ಲ.

ಇನ್ನೊಂದು. ನೀ ಆಂಟೆನಾ ತಂತಿ ಮ್ಯಾಲ ಹಸಿ ಸೀರಿ ಒಣಹಾಕಿದ್ದಕ್ಕ ನನ್ನ ಹ್ಯಾಮ್ ರೇಡಿಯೋ ಕೆಟ್ಟಿತು ಅಂತ ನಾ ಓಣಿ ಮಂದಿ ಕೇಳೂಹಂಗ ಒದರಿದೆ. ಆಮ್ಯಾಲ ಹಟಕ್ಕ ಬಿದ್ದು ಮಾಳಿಗಿ ಹತ್ತಲೇ ಇಲ್ಲ. ರೇಡಿಯೋನೂ ಮೂಕ, ನೀನೂ ಮೂಕ. ನಿನ್ನ ಕೈಬಳಿ ಸಪ್ಪಳ ಒಂದ ಕೇಳ್ಕೋತ ಕುಂತೆ.

ಇವತ್ತ ಮುಂಜಾನೆ ಹತ್ತಿ ನೋಡಿದೆ. ಕೇಬಲ್ ಜೋಡಿಸಿದಲ್ಲಿ ಮಳಿನೀರು ಹೊಕ್ಕಿತ್ತು. ಅಲ್ಲಿ ಟೇಪ್ ಸುತ್ತೂದು ಮರತಾಂವ ನಾನ. ನಿನ್ನ ಸೀರಿದು ಏನೂ ತಪ್ಪಿರಲಿಲ್ಲ.

ಆಂಟೆನಾದ ಮೂರು ತಂತ್ಯಾಗ ಉದ್ದಂದು ಬಿಚ್ಚಿ ಮಾಳಿಗಿ ಮ್ಯಾಲ ಬ್ಯಾರೆ ಕಟ್ಟೀನಿ. ಇನ್ನ ಅದು ನಿನ್ನ ಸೀರಿ ಒಣಹಾಕಾಕ. ಒರಸೇ ಇಟ್ಟೀನಿ, ಕಲಿ ಹತ್ತಂಗಿಲ್ಲ. ಸಣ್ಣವು ಎರಡು ನನಗಿರಲಿ, ಜಪಾನ್, ರಶಿಯಾದವರು ಅವುದರಾಗ ಮಾತಿಗೆ ಸಿಗ್ತಾರ. ಉದ್ದಂದರಾಗ ಧಾರವಾಡ, ಬೆಳಗಾವಿ ಗೆಳ್ಯಾರಷ್ಟ ಸಿಗತಿದ್ರು.

ಸನೇದವರ ಕೂಡ ಮಾತಾಡಬೇಕಂದ್ರ ಇನ್ನ ನನಗ ನೀ ಒಬ್ಬಾಕಿನ.