ಇಪ್ಪತ್ನಾಲ್ಕು ಗಂಟೆಯ ಕ್ಯಾನು

ಮಾರ್ಚ್ 4, ಬೆಳಿಗ್ಗೆ
ಆಸ್ಪತ್ರೆಯಲ್ಲಿ ಮತ್ತೆ ಅದೇ ಮೊಟ್ಟೆಯ ಬಿಳಿ, ಅದೇ ತೆಳು ಸೂಪು. ನಮ್ಮನೆ ಬೆಕ್ಕು ಇದಕ್ಕಿಂತ ಹೆಚ್ಚು ತಿನ್ನುತ್ತದೆ. ವಾರಕ್ಕೊಂದು ದಿನ ಮೂತ್ರವನ್ನೆಲ್ಲ ಕ್ಯಾನಿನಲ್ಲಿ ಹಿಡಿದು ಕೊಡಬೇಕು. ಪ್ರೋಟೀನಿನ ಲೆಕ್ಕಕ್ಕೆ ಅದರಲ್ಲಿ ನೈಟ್ರೋಜನ್ ಅಳೆಯುತ್ತಾರೆ. ಡಾಕ್ಟರಮ್ಮ ಬಿಡಿಸಿ ಹೇಳಿದರು: "ಕೊಬ್ಬು ಕರಗಿದ್ರೆ ಸಂತೋಷ. ತಿಂದಿದ್ದಕ್ಕಿಂತ ಜಾಸ್ತಿ ನೈಟ್ರೋಜನ್ ಹೊರಗೆ ಹೋದ್ರೆ, ದೇಹ ಸ್ನಾಯುನೇ ಸುಟ್ಕೊಳ್ತಿದೆ ಅಂತ. ಶುರುವಲ್ಲಿ ಹಾಗಾಗುತ್ತೆ. ಆಮೇಲೆ ಹೊಂದ್ಕೊಳ್ಬೇಕು."
ಹೊಂದಿಕೊಳ್ಳದಿದ್ದರೆ ಪಥ್ಯ ಬಂದ್. ತೂಕ ಇಳಿಯದಿದ್ದರೆ ಮಂಡಿ ಆಪರೇಷನ್ ಇಲ್ಲ. ಈ ಮಂಡಿ ಇಟ್ಟುಕೊಂಡು ಕಟಿಂಗ್ ಟೇಬಲ್ ಮುಂದೆ ನಿಲ್ಲುವುದಾಗದು. ನನ್ನ ಟೈಲರ್ ಅಂಗಡಿಗೆ ಬೀಗವೇ ಗತಿ.

ಮಾರ್ಚ್ 19
ತೂಕ ಇಳಿಯುತ್ತಿದೆ. ನೈಟ್ರೋಜನ್ ಮಾತ್ರ ಸೋರುತ್ತಲೇ ಇದೆಯಂತೆ... "ಇನ್ನೊಂದ್ಸಲ ಹೀಗೇ ಬಂದ್ರೆ ಪಥ್ಯ ನಿಲ್ಲಿಸ್ಬಿಡ್ತೀನಮ್ಮ," ಅಂದರು ಡಾಕ್ಟರಮ್ಮ. ಮೈಯೆಲ್ಲ ಉರಿಯಿತು. ಕದ್ದು ಒಂದು ಬಿಸ್ಕತ್ತೂ ಮುಟ್ಟಿದವಳಲ್ಲ ನಾನು. ತೊಡೆ ಮುಟ್ಟಿ ನೋಡಿಕೊಂಡೆ. ಗಟ್ಟಿಯಾಗಿದೆ — ಹೊಲಿಗೆ ಯಂತ್ರ ತುಳಿದ ತೊಡೆ.

ಮಾರ್ಚ್ 25, ಬೆಳಿಗ್ಗೆ ಆರು
ಕಳ್ಳ ಸಿಕ್ಕ. ಎದ್ದ ತಕ್ಷಣದ ಮೂತ್ರ ಚೆಲ್ಲಿ, ಅಲ್ಲಿಂದ ಮರುದಿನ ಎದ್ದಾಗಿನವರೆಗೂ ಹಿಡಿಯಬೇಕು. ಅದು ನಿಯಮ. ನನಗೆ ಬಗ್ಗಲಾಗದೆಂದು ಕ್ಯಾನಿನ ಉಸ್ತುವಾರಿ ನಮ್ಮ ಯಜಮಾನರದ್ದು. ಇವತ್ತು ಚೆಲ್ಲಬೇಕಾದದ್ದನ್ನೂ ಕ್ಯಾನಿಗೇ ಸುರಿಯುವಾಗ ನರ್ಸ್ ಕಣ್ಣಿಗೆ ಬಿದ್ದರು.
"ಏನ್ರೀ ಮಾಡ್ತಿದೀರಾ?"
"ಜಾಸ್ತಿ ಇದ್ರೆ ಟೆಸ್ಟ್ ಚೆನ್ನಾಗಿ ಬರುತ್ತೆ ಅಂತ... ಪ್ರತಿ ವಾರ ಹೀಗೇ ಹಾಕಿದ್ದು."
ಎರಡು ಬೆಳಗು, ಒಂದೇ ಕ್ಯಾನು. ಸೋರಿಕೆ ಹೆಚ್ಚು ಕಾಣದೆ ಇನ್ನೇನು. ಅಂಗಡಿಯ ಬಟ್ಟೆ ಚೂರನ್ನೂ ಎಸೆಯದ ಮನುಷ್ಯ. ಬೈಯಲು ಬಾಯಿ ತೆರೆದೆ, ನಗು ಬಂತು. ಹೊಸ ಕ್ಯಾನು ಇಟ್ಟಾಯಿತು.

ಮಾರ್ಚ್ 27
ಒಳಗೆ ಹೋದದ್ದೂ ಹೊರಗೆ ಬಂದದ್ದೂ ಸಮಸಮ. "ಸ್ನಾಯು ಭದ್ರವಾಗಿದೆ, ಪಥ್ಯ ಮುಂದುವರಿಸೋಣ," ಅಂದರು ಡಾಕ್ಟರಮ್ಮ. ಕೈ ಊರದೆ ಕುರ್ಚಿಯಿಂದ ಎದ್ದು ತೋರಿಸಿದೆ. ಮಂಡಿ ಚುರುಗುಟ್ಟಿತು, ತೊಡೆ ಕೈಬಿಡಲಿಲ್ಲ. ಹಿಗ್ಗಿ ಹೀರೇಕಾಯಿಯಾದೆ. ಈ ಹಿಗ್ಗಿಗೆ ಕ್ಯಾಲೊರಿ ಇಲ್ಲ.

ಜೂನ್ 11, ಬೆಳಿಗ್ಗೆ
ಇವತ್ತೇ ಆಪರೇಷನ್. ಗಾಲಿಕುರ್ಚಿ ತಂದಿದ್ದಾರೆ. "ನಡ್ಕೊಂಡೇ ಬರ್ತೀನಿ" ಅಂದೆ. ಯಜಮಾನರಿಗೆ ಖಾಲಿ ಕುರ್ಚಿ ದಂಡವಾಗುವುದನ್ನು ಸಹಿಸಲಾಗದು, ನನ್ನ ಚೀಲ ಕೂರಿಸಿ ತಳ್ಳಿಕೊಂಡು ಹೊರಟಿದ್ದಾರೆ. ಬಾಗಿಲಲ್ಲಿ ನಿಂತು "ಬಾರೇ" ಅನ್ನುತ್ತಿದ್ದಾರೆ. ಇಷ್ಟು ಬರೆದು ಎದ್ದೆ, ಕೈ ಊರದೆ —